ಮುಚ್ಚಳ ಹಾಕಿ ತೆಗೆದ ಚಿತ್ರ

ಶನಿವಾರ ಬೆಳಿಗ್ಗೆ ಟಾನಿ ಡ್ರೀಕಾ ಮನೆಗೆ ಬಂದು ಕೂತ ಕಟ್ರೀನಾ ಬೋಯ್ಸನ್ ಕಾಫಿ ಮುಟ್ಟಲಿಲ್ಲ. ಅಂಚೆ ಕಚೇರಿಯಲ್ಲಿ ಎಲ್ಲರೊಡನೆ ನಗುನಗುತ್ತಾ ಇರುವ ಹೆಂಗಸು ಅವತ್ತು ಹಲ್ಲು ಕಚ್ಚಿಕೊಂಡಿದ್ದಳು.

"ಟಾನಿ ಡ್ರೀಕಾ, ಮಧ್ಯಾಹ್ನ ಸಭೆ ಇದೆ. ನನ್ನನ್ನ ಕಳ್ಳಿ ಅಂತ ಸಂಘದಿಂದ ಹೊರಗೆ ಹಾಕ್ತಾರೆ. ಪ್ರದರ್ಶನದ ಗೋಡೆ ಮೇಲಿರೋದು ನನ್ನ ಚಿತ್ರ ಅಂದಿದ್ದೇ ತಪ್ಪಾಯ್ತು."

ಊರೆಲ್ಲ ಟಾನಿ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದ ಡ್ರೀಕಾ ಸ್ಲಿಂಗರ್ಸ್ ನಲವತ್ತು ವರ್ಷ ಕರೂ ಬಯಲುಸೀಮೆಯ ಕುರಿ ಉಣ್ಣೆಯ ದರ್ಜೆ ನೋಡಿದವರು. ಊರಲ್ಲಿ ಏನು ಕಳುವಾದರೂ ಜನ ಪೊಲೀಸರಿಗಿಂತ ಮೊದಲು ಅವರ ಬಾಗಿಲಿಗೆ ಬರುತ್ತಿದ್ದರು. ಅವರ ಗಾಡಿ ಓಡಿಸುತ್ತಿದ್ದವನು ನಾನು, ಯೋನಾಸ್ ಫೋರ್ಟುಯ್ನ್. ನಕ್ಷತ್ರ ಸಂಘದವರೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ.

ಗುಡ್ಡದ ಮೇಲಿನ ಗುಡಿಸಲಲ್ಲಿ ಸಂಘದ ದೊಡ್ಡ ದೂರದರ್ಶಕವಿತ್ತು. ಸದಸ್ಯರು ಅದಕ್ಕೆ ತಮ್ಮ ತಮ್ಮ ಕ್ಯಾಮೆರಾ ಕಟ್ಟಿ ಚಿತ್ರ ತೆಗೆಯುತ್ತಿದ್ದರು. ಕಟ್ರೀನಾ ತೆಗೆದಿದ್ದ ನೀಹಾರಿಕೆಯ ಚಿತ್ರಗಳು ಗುಡಿಸಲಿನ ಕಂಪ್ಯೂಟರಿನಿಂದ ಮಾಯವಾಗಿದ್ದವು. ಗುರುವಾರದ ಪ್ರದರ್ಶನದಲ್ಲಿ ಅದೇ ನೀಹಾರಿಕೆ ಇನ್ನೊಬ್ಬ ಸದಸ್ಯ ವೈನಾಂಡ್ ಲೂಬ್ಸರ್ ಹೆಸರಲ್ಲಿ ಮೊದಲ ಬಹುಮಾನ ಹೊಡೆದಿತ್ತು. ಗೆದ್ದವರ ಕೈಗೆ ಒಂದು ವರ್ಷ ಗುಡಿಸಲಿನ ಕೀಲಿ. ಕಟ್ರೀನಾಳಿಗೆ ಬೇಕಿದ್ದದ್ದು ಆ ಕೀಲಿ. ಸಂಘದಿಂದ ಹೊರಬಿದ್ದರೆ ಅವಳಿಗೆ ದೂರದರ್ಶಕವೂ ಇಲ್ಲ, ಆಕಾಶವೂ ಇಲ್ಲ.

ಸಭೆಯಲ್ಲಿ ಯಾರೂ ಅವಳಿಗೆ ಕುರ್ಚಿ ಸರಿಸಲಿಲ್ಲ. ಅಧ್ಯಕ್ಷರು ಊಮ್ ಫಾನ್, ವೈನಾಂಡನ ಸೋದರಮಾವ; ಹಿರಿಯರನ್ನು ಊರಲ್ಲಿ ಊಮ್, ಅಂದರೆ ದೊಡ್ಡಪ್ಪ, ಅನ್ನುತ್ತಿದ್ದರು.

"ಅವಳ ಹತ್ರ ಇರೋದು ಕಾವಲು ಕ್ಯಾಮೆರಾ," ಎಂದರು ಅವರು. "ದೂರದರ್ಶಕ ಜಾರದ ಹಾಗೆ ಒಂದು ನಕ್ಷತ್ರ ನೋಡ್ಕೊಂಡು ಬಿದ್ದಿರೋಕೆ ಮಾಡಿದ್ದು. ಕಾವಲು ನಾಯಿ ಕೈಲಿ ಯಾರಾದ್ರೂ ಕುರಿ ಉಣ್ಣೆ ಕತ್ತರಿಸ್ತಾರಾ?"

ಸಭೆ ನಕ್ಕಿತು.

"ಒಳಗಿರೋ ಚಿಪ್ ನಿಮ್ಮ ಮಾದರಿಯದ್ದೇ, ಊಮ್," ಎಂದಳು ಕಟ್ರೀನಾ. "ನಿಮ್ಮದಕ್ಕೂ ವೈನಾಂಡ್‌ದಕ್ಕೂ ತಣ್ಣಗೆ ಮಾಡೋ ಪೆಟ್ಟಿಗೆ ಇದೆ, ನಂದಕ್ಕಿಲ್ಲ. ಅದನ್ನ ಬಿಟ್ಟು ಆರಿಸ್ಕೊಂಡಿದ್ದು ಯೋಚನೆ ಮಾಡೇ."

"ಬಡವರ ಯೋಚನೆ," ಎಂದ ವೈನಾಂಡ್. ಅವನ ಕೆನ್ನೆಗೆ ಎರಡು ಬಾರಿಸಬೇಕೆನ್ನಿಸಿತು ನನಗೆ.

ಟಾನಿ ಅವನ ಕಡೆ ತಿರುಗಿದರು. "ನೀನು ಮುಚ್ಚಳ ಹಾಕಿ ಕತ್ತಲೆ ಚಿತ್ರ ತೆಗಿತೀಯೇನಪ್ಪಾ?"

"ನಂದು ತಣ್ಣಗಿರೋ ಕ್ಯಾಮೆರಾ ಟಾನಿ. ಆ ರಗಳೆ ನನಗೆ ಬೇಡ. ಯಾವತ್ತೂ ತೆಗೆದಿಲ್ಲ."

"ಸೋಮಾರಿ," ಎಂದು ಗದರಿದರು ಊಮ್ ಫಾನ್. "ಕತ್ತಲೆ ಕಳೀದೆ ಇರೋ ಚಿತ್ರ ಎಂಜಲು ತಟ್ಟೆ ಇದ್ದ ಹಾಗೆ. ಮೂವತ್ತು ವರ್ಷದಲ್ಲಿ ನಾನು ಒಂದನ್ನೂ ಹಾಗೆ ಬಿಟ್ಟಿಲ್ಲ."

ಟಾನಿ ಮೂವರ ಕ್ಯಾಮೆರಾಗಳನ್ನೂ ಮೇಜಿನ ಮೇಲಿಡಿಸಿ, ಮುಚ್ಚಳ ಹಾಕಿಸಿ, ಐದೈದು ನಿಮಿಷದ ಚಿತ್ರ ತೆಗೆಸಿದರು.

"ನನ್ನದೂ ಯಾಕೆ?" ಎಂದರು ಊಮ್ ಫಾನ್.

"ಇಬ್ಬರದ್ದೇ ತೆಗೆಸಿದ್ರೆ ಪಕ್ಷಪಾತ ಅಂತೀರಿ."

ಬಹುಮಾನದ ಚಿತ್ರವನ್ನು ಪರದೆಯ ಮೇಲೆ ದೊಡ್ಡದು ಮಾಡಿ ಹಾಕಿಸಿ ಟಾನಿ ಬೆರಳಿಟ್ಟು ತೋರಿಸಿದರು.

"ಪ್ರತಿ ಚಿಪ್ಪಿನಲ್ಲೂ ಕೆಲವು ಚುಕ್ಕೆ ಕೆಟ್ಟಿರ್ತವೆ. ಬೆಳಕಿಲ್ಲದಿದ್ರೂ ಹೊಳೀತವೆ. ಮುಚ್ಚಳ ಹಾಕಿ ತೆಗೆದ್ರೆ ಅವಷ್ಟೇ ಬೀಳ್ತವೆ. ಆ ಕತ್ತಲೆ ಚಿತ್ರವನ್ನ ಆಕಾಶದ ಚಿತ್ರದಿಂದ ಕಳೆದ್ರೆ ಚುಕ್ಕೆ ಅಳಿಸಿ ಹೋಗ್ತವೆ. ಒಂದು ಕ್ಯಾಮೆರಾದ ಚುಕ್ಕೆ ಜಾಗ ಇನ್ನೊಂದಕ್ಕಿಲ್ಲ. ಕುರಿ ಕಿವಿ ಗುರುತಿದ್ದ ಹಾಗೆ. ಈ ಚಿತ್ರದಲ್ಲಿ ಉಳಿದಿರೋ ಬಿಳಿ ಚುಕ್ಕೆ ನೋಡಿ, ಕಟ್ರೀನಾಳ ಕತ್ತಲೆ ಚಿತ್ರ ನೋಡಿ."

ಒಂದೊಂದೂ ಸರಿಯಾಗಿ ಕೂತಿತು. ವೈನಾಂಡನ ಮುಖ ಬಿಳಿಚಿಕೊಂಡಿತು.

"ಹಾಗಾದ್ರೆ ಕಳ್ಳ ಇವನೇ," ಎಂದೆ ನಾನು ತಡೆಯಲಾರದೆ.

"ಸುಮ್ನಿರು ಯೋನಾಸ್. ಇಲ್ಲಿ ಕಪ್ಪು ತೂತುಗಳೂ ಇವೆ. ಯಾರೋ ಈ ಚಿತ್ರದಿಂದ ಕತ್ತಲೆ ಕಳೆದಿದ್ದಾರೆ, ಆದ್ರೆ ಬೇರೆ ಕ್ಯಾಮೆರಾದ್ದು. ಇಲ್ಲದ ಚುಕ್ಕೆ ಅಳಿಸೋಕೆ ಹೋದ್ರೆ ಆಕಾಶದಲ್ಲೇ ತೂತು ಬೀಳುತ್ತೆ. ಕಟ್ರೀನಾಳ ಕತ್ತಲೆ ಚಿತ್ರ ಅವಳ ಮನೇಲಿತ್ತು, ಕಳ್ಳನಿಗೆ ಸಿಗಲಿಲ್ಲ. ವೈನಾಂಡ್ ಯಾವತ್ತೂ ಆ ಕೆಲಸ ಮಾಡಿದವನಲ್ಲ. ಕೈ ಅಭ್ಯಾಸ ಬಿಡದ ಮನುಷ್ಯ ಇಲ್ಲಿ ಒಬ್ಬರೇ."

ಮೂರನೆಯ ಚಿತ್ರ ಪರದೆಗೆ ಬಂತು. ಊಮ್ ಫಾನ್ ಕ್ಯಾಮೆರಾದ ಚುಕ್ಕೆ ಎಲ್ಲೆಲ್ಲಿತ್ತೋ ಅಲ್ಲೆಲ್ಲ ಬಹುಮಾನದ ಚಿತ್ರದಲ್ಲಿ ತೂತು.

"ಅಧ್ಯಕ್ಷರು ಸ್ಪರ್ಧೆಗೆ ನಿಲ್ಲೋ ಹಾಗಿಲ್ಲ," ಎಂದರು ಟಾನಿ. "ಕೀಲಿ ಮನೆ ಬಿಟ್ಟು ಹೋಗಬಾರದು ಅಂತ ಅಳಿಯನ ಹೆಸರು ಹಾಕಿದ್ರಿ."

"ಮಾವನೇ ಕೊಟ್ಟಿದ್ದು," ಎಂದು ಗೊಣಗಿದ ವೈನಾಂಡ್. "ಎಲ್ಲಿಂದ ತಂದ್ರು ಅಂತ ನಾನು ಕೇಳಲಿಲ್ಲ."

ಆಗಲೂ ಯಾರೂ ಕಟ್ರೀನಾಳ ಕ್ಷಮೆ ಕೇಳಲಿಲ್ಲ. ಒಬ್ಬರು ಛಾವಣಿ ನೋಡಿದರು, ಇನ್ನೊಬ್ಬರು ರಸ್ಕ್ ಕಡಿದರು. ಇಂಥವರ ಮೇಲೆ ನನಗೆ ಅವತ್ತು ಹುಟ್ಟಿದ ಅಸಹ್ಯ ಇನ್ನೂ ಹೋಗಿಲ್ಲ. ಅವಳು ಕೀಲಿಗೆ ಕೈ ಚಾಚಿದಳು. ಊಮ್ ಫಾನ್ ಅದನ್ನು ತಮ್ಮ ಜೇಬಿನಿಂದ ತೆಗೆದು, ಅವಳ ಕೈಗೆ ಕೊಡದೆ ಮೇಜಿನ ಮೇಲೆ ಎಸೆದರು.

"ಗುಡಿಸಲಲ್ಲಿ ನನ್ನ ಸಾಮಾನಿದೆ," ಎಂದರು.

"ಬಂದು ತಗೊಂಡು ಹೋಗಿ," ಎಂದಳು ಕಟ್ರೀನಾ, ಕೀಲಿ ಎತ್ತಿಕೊಳ್ಳುತ್ತಾ. "ಹಗಲು ಹೊತ್ತಲ್ಲಿ, ನಾನು ಇದ್ದಾಗ."