ಹುಲ್ಲಿನಡಿಯ ಮೊಣಕಾಲ ಗುರುತು

"ರೀ ಜೆರೋಮ್! ನಿಮ್ಮ ಕೋಳಿಗಳು ಸ್ನಾನ ಮಾಡಿ ಎಷ್ಟು ವರ್ಷ ಆಯ್ತು?"

ಬೇಲಿಯಾಚೆ ಕಾಳು ಎರಚುತ್ತಿದ್ದವನು ಬೆಚ್ಚಿ ತಲೆ ಎತ್ತಿದ. ಈಚೆ ಅದೇಲಾ ಮೂಗಿಗೆ ಕರವಸ್ತ್ರ ಒತ್ತಿಕೊಂಡು ನಿಂತಿದ್ದಳು. ಕಾಣುತ್ತಿದ್ದುದು ಕಣ್ಣು ಮಾತ್ರ. ಆ ಕಣ್ಣುಗಳಲ್ಲಿ ಕೆಂಡ!

ಅಪ್ಪ ಎಮಿಲ್ ತೀರಿಕೊಂಡ ಮೇಲೆ ಅವರ ಮನೆಯನ್ನೂ ಅವರ ನಾಯಿ ಪೆಪಿಕ್‌ನನ್ನೂ ನೋಡಿಕೊಳ್ಳಲು ಅವಳು ಹ್ಯೂಸ್ಟನ್ ನಗರ ಬಿಟ್ಟು ಎನ್ನಿಸ್ ಎಂಬ ಈ ಪುಟ್ಟ ಊರಿಗೆ ಬಂದಿದ್ದಳು. ಪಕ್ಕದ ಮನೆಯವನ ಜೊತೆ ಆಡಿದ ಮೊದಲ ಮಾತೇ ಇದು.

"ವಾಸನೆ... ಕೋಳಿಗಳದ್ದಾ?"

"ಮತ್ತೆ ನನ್ನದಾ?"

ಜೆರೋಮ್ ಅವಳ ಹಿಂದೆ ನೋಡಿದ. ಹಿತ್ತಲ ತುಂಬ ಹಸಿರು... ಎಂದೂ ಬಾಡದ ಪ್ಲಾಸ್ಟಿಕ್ ಹುಲ್ಲು. ಮಳೆ ಬಂದರೆ ಅಂಟಂಟಾಗುವ ಕರಿ ಎರೆಮಣ್ಣನ್ನು ಪೆಪಿಕ್ ಸೋಫಾದವರೆಗೂ ಹೊತ್ತು ತರುತ್ತಾನೆಂದು ಎಮಿಲ್ ತಾವೇ ಮೊಣಕಾಲೂರಿ ಹಾಸಿದ್ದು. ಅವರ ಕೈಯ ಕೊನೆಯ ಕೆಲಸ. ಅದೇಲಾ ದಿನಾ ಅದರ ಮೇಲೆ ಬರಿಗಾಲಲ್ಲಿ ನಿಂತೇ ಬೆಳಗಿನ ಕಾಫಿ ಕುಡಿಯುತ್ತಿದ್ದಳು.

ಅವನ ನೋಟ ಅವಳ ಬರಿಗಾಲಿಗಿಳಿಯಿತು.

"ಕ್ಷಮಿಸಿ. ಗೂಡು ತೊಳೀತೀನಿ."

'ತಪ್ಪಿಲ್ಲದವನು ಯಾರಾದ್ರೂ ಹೀಗೆ ತಲೆ ತಗ್ಗಿಸ್ತಾರಾ?' ಎಂದುಕೊಂಡಳು ಅದೇಲಾ. ಆದರೂ ಆ ಮೆಲುದನಿ ಯಾಕೋ ದಿನವಿಡೀ ಅವಳ ಕಿವಿ ಬಿಟ್ಟು ಹೋಗಲಿಲ್ಲ...

ಅವನು ದಿನವೂ ಗೂಡು ತೊಳೆದ. ಬಿಸಿಲೇರಿತು, ನಾತವೂ ಏರಿತು. ಭಾನುವಾರ ಪೂಜೆ ಮುಗಿದು ಎಲ್ಲರೂ ಚರ್ಚಿನ ಸಭಾಂಗಣದಲ್ಲಿ ಕಾಫಿ ಕುಡಿಯುತ್ತ, ಏಪ್ರಿಕಾಟ್ ತುಂಬಿದ ಕೊಲಾಚಿ ಬನ್ನು ತಿನ್ನುತ್ತಿದ್ದಾಗ ಅದೇಲಾಳ ತಾಳ್ಮೆ ಮುಗಿಯಿತು.

"ಜೆರೋಮ್ ಕೋಳಿಗಳ ದಯದಿಂದ ನಮ್ಮ ಬೀದೀಲಿ ಮೂಗು ಇರೋದೇ ಒಂದು ಶಿಕ್ಷೆ!"

ಸಭಾಂಗಣ ಗೊಳ್ಳೆಂದಿತು. ಮೂಲೆಮನೆಯ ಆಗ್ನೆಸ್ ಅಜ್ಜಿ ಸುಮ್ಮನಿರುವವರೇ? "ಲೋ ಜೆರೋಮ್, ಅದಕ್ಕೇ ನಿಂಗಿನ್ನೂ ಹೆಣ್ಣು ಸಿಕ್ಕಿಲ್ಲ ಕಣೋ!"

ಅವನೂ ನಕ್ಕ. ಕಿವಿಗಳು ಮಾತ್ರ ಕೆಂಪಾಗಿದ್ದವು.

ಮಾರನೆಯ ಬೆಳಿಗ್ಗೆ ಗೂಡು ಖಾಲಿ. ಮರಿಯಿಂದ ಸಾಕಿದ ಕೋಳಿಗಳನ್ನು ಚಿಕ್ಕಪ್ಪನ ತೋಟಕ್ಕೆ ಬಿಟ್ಟು ಬಂದಿದ್ದ.

ಗೆದ್ದೆ ಎಂದುಕೊಂಡಳು ಅದೇಲಾ. ಆದರೆ... ನಾತ ಹೋಗಲಿಲ್ಲ!

ಒಂದು ಮಧ್ಯಾಹ್ನ ಪೆಪಿಕ್ ಹಿತ್ತಲ ಮೂಲೆಯನ್ನು ಕೆರೆದು ಕೆರೆದು ಹುಲ್ಲಿನ ಅಂಚನ್ನೇ ಕಿತ್ತ. ಸರಿಮಾಡಲು ಬಗ್ಗಿದ ಅದೇಲಾ ಅದನ್ನು ತುಸು ಮೇಲೆತ್ತಿದಳು. ಗಪ್ಪನೆ ಮುಖಕ್ಕೆ ಬಡಿಯಿತು ಆ ವಾಸನೆ.

ಹುಲ್ಲಿನ ತಳದ ತೂತುಗಳಿಂದ ಮಳೆನೀರು, ನಾಯಿಯ ಉಚ್ಚೆ ಎಲ್ಲವೂ ಇಳಿದಿತ್ತು. ಇಳಿದು ಹೋಗುವುದೆಲ್ಲಿಗೆ? ಕೆಳಗೆ ಜಲ್ಲಿಯಿಲ್ಲ, ಇಳಿಜಾರಿಲ್ಲ, ಕೊಳವೆಯಿಲ್ಲ. ನೀರು ಹೀರದ ಎರೆಮಣ್ಣು ಅಷ್ಟನ್ನೂ ಬಟ್ಟಲಿನಂತೆ ಹಿಡಿದಿಟ್ಟು ಕೊಳೆಸಿತ್ತು.

ಮೂಲೆಯ ಎತ್ತರದ ಜಾಗದಲ್ಲಿ, ಗಟ್ಟಿಯಾದ ಮಣ್ಣಿನಲ್ಲಿ, ಜೋಡಿ ಗುಳಿಗಳು. ಅಪ್ಪ ಊರಿದ ಮೊಣಕಾಲುಗಳು...

ತಲೆ ಎತ್ತಿದರೆ ಬೇಲಿಯಾಚೆ ಜೆರೋಮ್!

"ನಿಮಗೆ ಗೊತ್ತಿತ್ತು," ಎಂದಳು. "ಅವತ್ತೇ ಗೊತ್ತಿತ್ತು ಅಲ್ವಾ? ಮತ್ತೆ ಆ ಕೋಳಿಗಳನ್ನ ಯಾಕೆ...?"

"ಹಾಸೋವಾಗ ನಿಮ್ಮಪ್ಪ ಶಿಳ್ಳೆ ಹಾಕ್ತಿದ್ರು. 'ಕೆಳಗೆ ಜಲ್ಲಿ ಹಾಕಿ, ಎಮಿಲ್ ಅಂಕಲ್' ಅಂತ ಹೇಳೋಕೆ ಬಂದೆ. 'ನನ್ನ ಮಗಳು ಬಂದ್ರೆ ಇದರ ಮೇಲೆ ಬರಿಗಾಲಲ್ಲಿ ಓಡಾಡ್ತಾಳೆ ನೋಡು' ಅಂದ್ಬಿಟ್ರು. ನನ್ನ ಬಾಯಿ ಕಟ್ಟಿಹೋಯ್ತು." ಅವನು ಬೇಲಿಗೆ ಕೈಯೂರಿದ. "ಆಮೇಲೆ ನೀವು ಬಂದ್ರಿ. ದಿನಾ ಬರಿಗಾಲಲ್ಲೇ ನಿಂತ್ರಿ. ಇದೇ ನಾರ್ತಿರೋದು ಅಂತ ನಾನು ಹೇಗೆ ಹೇಳಲಿ, ಅದೇಲಾ?"

ಬೇಸಿಗೆಯಲ್ಲಿ ಅಂಗೈಯಗಲ ಬಿರಿಯುವ ಆ ಮಣ್ಣು ಈಗಲೇ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ! ಅವಳು ಮುಖ ಮುಚ್ಚಿಕೊಂಡು ಒಳಗೋಡಿದಳು. ಅಂದಿನಿಂದ ಪರದೆ ಸರಿಸಲಿಲ್ಲ. ಅವನು ಬಾಗಿಲು ತಟ್ಟಿದರೂ ತೆರೆಯಲಿಲ್ಲ.

'ಅಷ್ಟು ಜನರ ಮುಂದೆ ಅವರನ್ನ ನಗೆಪಾಟಲು ಮಾಡಿದೆ. ನಿಜ ಹೇಳಿದ್ರೆ ಈಗ ಅಪ್ಪ ನಗೆಪಾಟಲಾಗ್ತಾರೆ. ಹೇಳದಿದ್ರೆ...?'

ಭಾನುವಾರ ಅದೇ ಸಭಾಂಗಣದಲ್ಲಿ ಅವಳು ಎದ್ದು ನಿಂತಳು. ದೂರದ ಮೇಜಿನಿಂದ ಜೆರೋಮ್ ಬೇಡವೆಂದು ತಲೆಯಾಡಿಸಿದ.

"ನಾರ್ತಿದ್ದಿದ್ದು ಕೋಳಿಗಳಲ್ಲ. ನಮ್ಮನೆ ಹಿತ್ತಲು. ನಮ್ಮಪ್ಪನಿಗೆ ಹುಲ್ಲು ಹಾಸೋದು ಗೊತ್ತಿತ್ತು, ನೀರಿಗೆ ದಾರಿ ಬಿಡೋದು ಗೊತ್ತಿರಲಿಲ್ಲ. ಜೆರೋಮ್‌ಗೆ ಎಲ್ಲಾ ಗೊತ್ತಿತ್ತು. ಅಪ್ಪನ ಮಾನ ಉಳಿಸೋಕೆ ತಮ್ಮ ಮೇಲೆ ಹಾಕ್ಕೊಂಡ್ರು. ನನ್ನನ್ನ ಕ್ಷಮಿಸಿ, ಜೆರೋಮ್..."

ಕಾಫಿ ಲೋಟಗಳು ಒಂದೊಂದಾಗಿ ಮೇಜಿಗಿಳಿದವು.

"ಎಮಿಲ್ ನಮ್ಮನೆ ಮೆಟ್ಟಿಲೂ ಸೊಟ್ಟಗೇ ಕಟ್ಟಿದ್ದ ಕಣೇ," ಎಂದರು ಆಗ್ನೆಸ್ ಅಜ್ಜಿ, ಕಣ್ಣೊರೆಸಿಕೊಳ್ಳುತ್ತ. "ಇವತ್ತಿಗೂ ಅದರ ಮೇಲೇ ಕೂತು ಬಟಾಣಿ ಬಿಡಿಸ್ತೀನಿ. ಬಾ, ಕೊಲಾಚಿ ತಿನ್ನು."

ಮರುದಿನ ಸಂಜೆ ಜೆರೋಮ್ ಗುದ್ದಲಿ ಹಿಡಿದು ಬಂದ. ಅವಳು ಕರೆದಿರಲಿಲ್ಲ, ಅವನು ಕೇಳಲೂ ಇಲ್ಲ. ಇಬ್ಬರೂ ಸೇರಿ ಕೊಳೆತ ಮಣ್ಣು ಕೆರೆದರು. ಬೀದಿಯ ಮೋರಿಯ ಕಡೆಗೆ ಇಳಿಜಾರು ಮಾಡಿ ಕಾಲುವೆ ತೋಡಿದರು, ತೂತಿನ ಕೊಳವೆ ಇಟ್ಟರು. ಜಲ್ಲಿ ಹರಡಿ, ತೊಳೆದ ಹುಲ್ಲನ್ನೇ ಮತ್ತೆ ಹಾಸಿದರು.

ಮೂಲೆಗೆ ಬಂದಾಗ ಜೆರೋಮ್ ನಿಂತ.

"ಇಲ್ಲಿಗೆ ಹುಲ್ಲು ಬೇಡ."

ಆ ಜೋಡಿ ಗುಳಿಗಳಿಗೆ ಒಲೆಯ ಬೂದಿ ಸುರಿದ. ಬೇಲಿಯ ಎರಡು ಹಲಗೆ ಕಿತ್ತ. ತೋಟದಿಂದ ತಂದಿದ್ದ ಬುಟ್ಟಿಯ ಮುಚ್ಚಳ ತೆಗೆದ. ಕಂದು ಕೋಳಿಯೊಂದು ಕೊಕ್ಕೊಕ್ಕೆನ್ನುತ್ತ ನೇರ ಬಂದು ಎಮಿಲ್ ಅವರ ಮೊಣಕಾಲ ಗುಳಿಯಲ್ಲಿ ಕೂತು, ರೆಕ್ಕೆ ಬಿಚ್ಚಿ, ಬೂದಿ ಎರಚಿಕೊಳ್ಳತೊಡಗಿತು.

"ನೋಡಿ," ಎಂದ ಮೆಲ್ಲಗೆ. "ಸ್ನಾನ ಮಾಡ್ತಿದೆ."

ಅದೇಲಾಗೆ ನಗು, ಅಳು ಒಟ್ಟಿಗೇ ಬಂತು.

"ಜೆರೋಮ್... ಅವತ್ತು ಆಗ್ನೆಸ್ ಅಜ್ಜಿ ಇನ್ನೊಂದು ಮಾತೂ ಅಂದಿದ್ರಲ್ಲ? ನಿಮಗಿನ್ನೂ ಹೆಣ್ಣು ಸಿಕ್ಕಿಲ್ಲ ಅಂತ."

"ಹೂಂ."

"ಅದನ್ನೂ ಭಾನುವಾರ ಎದ್ದು ನಿಂತು ಸುಳ್ಳು ಅಂತ ಹೇಳ್ಬಿಡ್ಲಾ?"

ಅವನ ಕಿವಿಗಳು ಮತ್ತೆ ಕೆಂಪಾದವು. ಮಣ್ಣು ಮೆತ್ತಿದ ಅವಳ ಕೈಯನ್ನು ಮಣ್ಣು ಮೆತ್ತಿದ ತನ್ನ ಕೈಯೊಳಗೆ ತೆಗೆದುಕೊಂಡ.

"ನೀನೊಬ್ಬಳೇ ಯಾಕೆ ನಿಲ್ಬೇಕು?" ಎಂದ. "ಈ ಸಲ ನಾನೂ ಪಕ್ಕದಲ್ಲಿರ್ತೀನಿ."