ಸೌರಫಲಕದ ಮೇಲೆ ನೀಲಿಸುಣ್ಣ

ಈಸ್ಟರ್ ಹಬ್ಬದ ಹಿಂದಿನ ಬುಧವಾರ ಬೆಳಿಗ್ಗೆ ಎಂಟೂ ಹತ್ತಕ್ಕೆ ವೆರ್ಬಿವ್ಕಾ ಠಾಣೆಗೆ ದೂರು ಬಂತು. ತಂದವರು ಊರಿನ ಆಸ್ಪತ್ರೆಯ ಮುಖ್ಯ ವೈದ್ಯ ಸೆವೆರಿನ್ ಇಲ್ಕೊವಿಚ್. ಫೋನ್ ಮಾಡಿದ್ದರೆ ಸಾಕಿತ್ತು, ಆದರೆ ಮನುಷ್ಯ ಬಿಳಿ ಕೋಟಿನಲ್ಲೇ ನಡೆದು ಬಂದಿದ್ದರು. ಇನ್‌ಸ್ಪೆಕ್ಟರ್ ಲುಕಿಯನ್ ಹ್ರಿತ್ಸಾಯ್ ಅವರನ್ನು ಕೂರಿಸಿ ಚಹಾ ತರಿಸಿದ. ಅವರು ಲೋಟ ಮುಟ್ಟಲಿಲ್ಲ.

"ನಮ್ಮ ಸೋಲಾರ್ ಫಲಕಗಳಿಗೆ ಯಾರೋ ಸುಣ್ಣ ಬಳಿದಿದಾರೆ."

"ಯಾವಾಗ?"

"ಸೋಮವಾರ ಮಧ್ಯಾಹ್ನ ಸೈರನ್ ಆದಾಗ ಇರಬೇಕು. ಎಲ್ಲರೂ ನೆಲಮಾಳಿಗೇಲಿದ್ವಿ. ಕಣ್ಣಿಗೆ ಬಿದ್ದಿದ್ದು ಇವತ್ತು."

"ಎರಡು ದಿನ ಯಾರೂ ನೋಡ್ಲಿಲ್ವಾ?"

"ಆಸ್ಪತ್ರೆ ಹಿತ್ತಲಿಗೆ ಯಾರು ಹೋಗ್ತಾರೆ ಲುಕಿಯನ್? ಅದನ್ನ ನೋಡ್ಕೊಳ್ತಿದ್ದ ಎಲೆಕ್ಟ್ರಿಷಿಯನ್ ಯುದ್ಧಕ್ಕೆ ಹೋಗಿದಾನೆ. ಬ್ಯಾಟರಿ ಇಳೀತಾ ಇತ್ತು. ಮೋಡ ಕವಿದಿದೆ, ಅದಕ್ಕೇ ಅಂದ್ಕೊಂಡ್ವಿ."

ಲುಕಿಯನ್ ಬರೆದುಕೊಂಡ. ಡಾಕ್ಟರು ಇನ್ನೂ ಎದ್ದಿರಲಿಲ್ಲ.

"ನಿನ್ನೆ ಸಂಜೆ ಕರೆಂಟ್ ಹೋಯ್ತು," ಎಂದರು. "ಬ್ಯಾಟರಿಯೂ ಸತ್ತಿತ್ತು. ಯುಖಿಮ್‌ಗೆ ಆಮ್ಲಜನಕ ಕೊಡ್ತಿದ್ದ ಯಂತ್ರ ನಿಂತುಹೋಯ್ತು. ಸರದಿ ಮೇಲೆ ಗಾಳಿಚೀಲ ಕೈಯಲ್ಲಿ ಒತ್ತಿ ಉಸಿರು ಕೊಟ್ವಿ. ಉಳೀಲಿಲ್ಲ."

ಲುಕಿಯನ್‌ನ ಪೆನ್ನು ನಿಂತಿತು. ಯುಖಿಮ್ ಶಾಲೆಯ ಬಸ್ಸಿನ ಚಾಲಕನಾಗಿದ್ದವನು. ಊರಿನ ಅರ್ಧ ಜನ ಅವನ ಬಸ್ಸಿನಲ್ಲೇ ಅಕ್ಷರ ಕಲಿಯಲು ಹೋದವರು, ಲುಕಿಯನ್ ಕೂಡ.

"ಜನರೇಟರ್ ಇತ್ತಲ್ಲ?"

"ಶಾಲೆಗೆ ಕೊಟ್ವಿ. ಪಾಪ, ಮಕ್ಕಳು ನೆಲಮಾಳಿಗೇಲಿ ಕತ್ತಲಲ್ಲಿ ಕೂತು ಓದ್ತಿದ್ರು. ನಮಗೆ ಫಲಕ ಬಂತು, ಇನ್ನೇನು ಬೇಕು ಅಂದ್ಕೊಂಡ್ವಿ. ಅವರಿಗೂ ಹಬ್ಬ ಮುಗಿದ ಮೇಲೆ ಫಲಕ ಬರುತ್ತೆ."

"ಯುಖಿಮ್ ಹೆಂಡತಿಗೆ ಹೇಳಿದ್ರಾ?"

"ಹೃದಯ ನಿಂತಿತು ಅಂದೆ." ಡಾಕ್ಟರು ನೆಲ ನೋಡಿದರು. "ಅದೂ ಸುಳ್ಳಲ್ಲ ತಾನೆ?"

"ಸದ್ಯಕ್ಕೆ ಹಾಗೇ ಇರಲಿ. ಸುಣ್ಣದ ವಿಷಯ ಹೊರಗೆ ಬಾಯಿ ಬಿಡಬೇಡಿ."

ಒಂಬತ್ತು ಗಂಟೆಗೆ ಎಫ್‌ಐಆರ್ ದಾಖಲಾಯಿತು. ಅರ್ಧ ಗಂಟೆಯೊಳಗೆ ಜಿಲ್ಲಾ ಕೇಂದ್ರದ ಭದ್ರತಾ ವಿಭಾಗದಿಂದ ಫೋನ್ ಬಂತು. ಯುದ್ಧಕಾಲದಲ್ಲಿ ಆಸ್ಪತ್ರೆಯ ವಿದ್ಯುತ್ತು ಕೆಡಿಸಿದ್ದಾರೆ, ಇದು ಶತ್ರುವಿನ ಕೈವಾಡ, ಶುಕ್ರವಾರದ ತನಕ ನೀವು ನೋಡಿ, ಆಮೇಲೆ ಕೇಸು ನಮಗೆ ಎಂದರು. ಅವರ ಕಲಮಿನಡಿ ಸಿಕ್ಕವರು ಜೈಲಿನಲ್ಲೇ ಮುದುಕರಾಗುತ್ತಾರೆಂದು ಲುಕಿಯನ್‌ಗೆ ಗೊತ್ತಿತ್ತು. ಶತ್ರುವಿನ ಕಡೆಯವನಾಗಿದ್ದರೆ ಸುತ್ತಿಗೆ ಹಿಡಿದು ಬರುತ್ತಿದ್ದ, ಸುಣ್ಣದ ಕುಂಚ ಹಿಡಿದು ಯಾಕೆ ಬರುತ್ತಾನೆ ಎಂಬುದು ಅವನ ತಲೆ ತಿನ್ನತೊಡಗಿತು.

ಹತ್ತು ಗಂಟೆಗೆ ಆಸ್ಪತ್ರೆಯ ಹಿತ್ತಲಿನಲ್ಲಿ, ಇಬ್ಬರು ನರ್ಸುಗಳ ಸಮಕ್ಷಮ, ಪಂಚನಾಮೆ ನಡೆಯಿತು. ಫಲಕಗಳು ಸೊಂಟದೆತ್ತರದ ಕಟ್ಟೆಗಳ ಮೇಲೆ ಸಾಲಾಗಿ ನಿಂತಿದ್ದವು. ಒಂದೂ ಒಡೆದಿರಲಿಲ್ಲ, ಒಂದು ತಂತಿಯೂ ಕತ್ತರಿಸಿರಲಿಲ್ಲ. ಬಳಿದವರು ಮೂಲೆಮೂಲೆಯನ್ನೂ ಬಿಡದೆ ಒಪ್ಪವಾಗಿ ಬಳಿದಿದ್ದರು. ಕಾನ್‌ಸ್ಟೇಬಲ್ ಝೊರ್ಯಾನಾ ಉಗುರಿನಿಂದ ಕೆರೆದು ಬೆಳಕಿಗೆ ಹಿಡಿದಳು.

"ಸರ್, ಇದು ನೀಲಿ ಹಾಕಿದ ಸುಣ್ಣ."

"ಹಬ್ಬ ಅಲ್ವೇನಮ್ಮ, ಊರೆಲ್ಲಾ ಮರಗಳಿಗೆ ಸುಣ್ಣ ಹೊಡೀತಾ ಇದೆ. ನಮ್ಮಮ್ಮ ನನ್ನ ಕೈಗೂ ಕುಂಚ ಕೊಟ್ಟಿದಾಳೆ."

"ಮರಕ್ಕೆ ಯಾರಾದ್ರೂ ನೀಲಿ ಹಾಕ್ತಾರಾ ಸರ್? ಅದು ಮನೆ ಗೋಡೆಗೆ. ನಿಮ್ಮನ್ನ ಸುಣ್ಣ ಹೊಡೆಯೋಕೆ ಬಿಟ್ಟ ನಿಮ್ಮಮ್ಮನಿಗೆ ಧೈರ್ಯ ಜಾಸ್ತಿ." ಅವಳು ಬೆರಳು ಮೂಸಿದಳು. "ಕೆನೆ ತೆಗೆದ ಹಾಲೂ ಬೆರೆಸಿದಾರೆ. ಅದಕ್ಕೇ ಮಳೆ ಬಂದ್ರೂ ತೊಳೆದುಹೋಗಿಲ್ಲ. ಇದು ಹಳೇ ಕಾಲದವರ ಕೈ."

ಲುಕಿಯನ್ ನಗಲಿಲ್ಲ, ಆದರೆ ಅವಳ ಮಾತು ಮನಸ್ಸಿಗೆ ನಾಟಿತು. ಇಟ್ಟಿಗೆ ಮನೆಗಳು ಬಂದ ಮೇಲೆ ಗೋಡೆಗೆ ಸುಣ್ಣ ಬಳಿಯುವವರು ಯಾರಿದ್ದಾರೆ? ನದಿಯಾಚೆಯ ಬೀದಿಯಲ್ಲಿ ಮಾತ್ರ ಮಣ್ಣಿನ ಮನೆಗಳು ಉಳಿದಿದ್ದವು. ಮಾದರಿ ತೆಗೆದುಕೊಂಡು ಸಹಿ ಹಾಕಿಸಿದ. ನರ್ಸುಗಳು ಬಿಸಿನೀರು ಸುರಿದು ಫಲಕಗಳನ್ನು ಉಜ್ಜಿ ತೊಳೆದರು. ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿ ತುಂಬತೊಡಗಿತು. ನಿನ್ನೆಯೇ ತೊಳೆದಿದ್ದರೆ ಎಂದು ಒಬ್ಬ ನರ್ಸ್ ಅತ್ತಳು.

ಗುರುವಾರ ಯುಖಿಮ್‌ನ ಮಣ್ಣು. ಊರಿಗೆ ಊರೇ ಹೋಗಿತ್ತು, ನದಿಯಾಚೆಯ ಬೀದಿಯಲ್ಲಿ ಬಾಗಿಲು ತೆರೆಯುವವರು ಯಾರೂ ಇರಲಿಲ್ಲ. ಲುಕಿಯನ್ ಕೂಡ ಟೋಪಿ ತೆಗೆದು ಗುಂಡಿಗೆ ಹಿಡಿ ಮಣ್ಣು ಹಾಕಿ ಬಂದ. ಯುಖಿಮ್‌ನ ಹೆಂಡತಿ ವಸಿಲಿನಾ ಅವನ ಕೈ ಹಿಡಿದು, "ನೋವಿಲ್ಲದೆ ಹೋದನಂತೆ, ಅಷ್ಟೇ ಸಮಾಧಾನ," ಎಂದಳು. ಅವನು ತಲೆಯಾಡಿಸಿದ. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಶುಕ್ರವಾರ ಬೆಳಿಗ್ಗೆ ಲುಕಿಯನ್, ಝೊರ್ಯಾನಾ ಇಬ್ಬರೂ ಆ ಬೀದಿಯುದ್ದಕ್ಕೂ ನಡೆದರು. ಮಣ್ಣಿನ ಮನೆಗಳೆಲ್ಲ ಹಬ್ಬಕ್ಕೆ ಹೊಸ ಸುಣ್ಣ ಕಂಡಿದ್ದವು. ಗುರುವಾರದೊಳಗೆ ಮುಗಿಸದಿದ್ದರೆ ನೆರೆಮನೆಯ ಹೆಂಗಸರು ವರ್ಷವಿಡೀ ಆಡಿಕೊಳ್ಳುತ್ತಾರೆ. ಬೀದಿಯ ಕೊನೆಯಲ್ಲಿ ಮೊತ್ರೋನಾ ಅಜ್ಜಿಯ ಮನೆ. ಅದರ ಮುಂದಿನ ಗೋಡೆ ಬಾಗಿಲ ತನಕ ನೀಲಿ ಬೆರೆತ ಬಿಳುಪು, ಬಾಗಿಲಿನಾಚೆ ಹಳೆಯ ಬೂದುಬಣ್ಣ.

"ಮೊತ್ರೋನಜ್ಜಿ ಗೋಡೆ ಅರ್ಧಕ್ಕೆ ಬಿಡೋದಾ!" ಎಂದಳು ಝೊರ್ಯಾನಾ ಮೆಲ್ಲಗೆ. "ನನ್ನ ಮದುವೆ ದಿನ ಪರದೆ ಮಾಸಿದೆ ಅಂತ ಬೈದೋಳು ಅವಳು."

ಅಜ್ಜಿ ಅಂಗಳದಲ್ಲೇ ಕೂತು ಬಕೆಟ್ಟಿನಲ್ಲಿ ಸುಣ್ಣ ಕಲೆಸುತ್ತಿದ್ದಳು.

"ಗೋಡೆ ಯಾಕಜ್ಜಿ ಅರ್ಧಕ್ಕೆ ನಿಂತಿದೆ?" ಲುಕಿಯನ್ ಕೇಳಿದ.

"ಸುಣ್ಣ ಸಾಲಲಿಲ್ಲ ಕಣಪ್ಪ."

"ಬಕೆಟ್ ತುಂಬ ಇದೆಯಲ್ಲ?"

"ಇದು ಗೋಡೆಗಲ್ಲ."

"ಮತ್ತೆ?"

ಅಜ್ಜಿ ಕೋಲಾಡಿಸುವುದನ್ನು ನಿಲ್ಲಿಸಲಿಲ್ಲ. "ನೀವು ತೊಳೆದುಬಿಟ್ರಲ್ಲ," ಎಂದಳು. "ಇನ್ನೊಂದ್ಸಲ ಬಳೀಬೇಕು."

ಝೊರ್ಯಾನಾ ತುಟಿ ಕಚ್ಚಿದಳು. ಲುಕಿಯನ್ ಅಜ್ಜಿಯ ಎದುರು ಕುಕ್ಕರಗಾಲಲ್ಲಿ ಕೂತ.

"ಸೋಮವಾರ ಸೈರನ್ ಆದಾಗ ನೀನೆಲ್ಲಿದ್ದೆ?"

"ಆಸ್ಪತ್ರೇಲಿ. ಮೊಮ್ಮಗಳು ಉಲ್ಯಾನಾನ ನೆಲಮಾಳಿಗೆಗೆ ಇಳಿಸಿ ಮೇಲೆ ಬಂದೆ. ಹಾಲಿನ ಕ್ಯಾನಲ್ಲಿ ಸುಣ್ಣ ತಂದಿದ್ದೆ."

"ಯಾರು ಮಾಡು ಅಂದ್ರು?"

"ನಂಗೆ ಹೇಳೋರು ಯಾರಿದಾರೋ? ಹೇಳೋಳು ಮಣ್ಣಲ್ಲಿದಾಳೆ." ಕೋಲು ಈಗ ನಿಂತಿತು. "ಹೊಳೆಯುತ್ತೆ ಕಣೋ ಅದು. ಆಕಾಶದಿಂದ ಕಾಣುತ್ತೆ. ನನ್ನ ಹಾನ್ನಾ ನರ್ಸಾಗಿದ್ದಳಲ್ಲ ನಗರದಾಗೆ, ಆ ಆಸ್ಪತ್ರೆ ಮೇಲೂ ಇವನ್ನೇ ಹಾಕಿದ್ರು. ಅಮ್ಮಾ, ಇನ್ನು ಕತ್ತಲಲ್ಲಿ ಹೆರಿಗೆ ಮಾಡಿಸೋದು ತಪ್ಪಿತು ಅಂತ ಫೋನಲ್ಲಿ ಕುಣಿದಾಡಿದ್ಲು. ವಾರ ಕಳೀಲಿಲ್ಲ, ಡ್ರೋನ್ ಬಂತು."

"ಅವು ಹೊಳಪು ನೋಡಿ ಬರಲ್ಲ ಅಜ್ಜಿ. ಮೊದಲೇ ಜಾಗ ಗೊತ್ತುಮಾಡಿ ಕಳಿಸ್ತಾರೆ."

"ನೀನು ಡ್ರೋನನ್ನ ಕೇಳಿದ್ಯಾ?"

ಅವನು ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ.

"ಈಗ ಅವಳ ಮಗಳು ನಮ್ಮೂರ ಆಸ್ಪತ್ರೇಲಿ ಕಾಲು ಮುರ್ಕೊಂಡು ಮಲಗಿದಾಳೆ," ಎಂದಳು ಅಜ್ಜಿ. "ಗೋಡೆ ಆಚೆಗೇ ಆ ಹಾಳು ಗಾಜುಗಳು. ಡಾಕ್ಟರಿಗೆ ಹೇಳಿದ್ರೆ ನಕ್ಕರು. ನಾನೇನು ಒಡೆದು ಹಾಕಿದ್ನಾ? ಮುಚ್ಚಿದೆ. ಶಾಲೆಗೂ ಹಾಕ್ತಾರಂತೆ, ಅಲ್ಲಿಗೂ ಸುಣ್ಣ ಎತ್ತಿಟ್ಟಿದೀನಿ. ನಗೋರು ನಗಲಿ, ಮಕ್ಕಳು ಉಳೀಲಿ."

ಲುಕಿಯನ್ ಇಷ್ಟು ವರ್ಷದ ನೌಕರಿಯಲ್ಲಿ ಸಾವಿನ ಸುದ್ದಿಯನ್ನು ಎಷ್ಟೋ ಮನೆಗಳಿಗೆ ಒಯ್ದಿದ್ದ. ಇದರಷ್ಟು ಭಾರವಾದದ್ದು ಯಾವುದೂ ಇರಲಿಲ್ಲ.

"ಅಜ್ಜಿ, ಯುಖಿಮ್ ಹೃದಯ ತಾನಾಗಿ ನಿಲ್ಲಲಿಲ್ಲ. ಅವನಿಗೆ ಉಸಿರು ಕೊಡ್ತಿದ್ದ ಯಂತ್ರ ನಿಂತಿತು. ಕರೆಂಟ್ ಹೋದಾಗ ಅದು ಆ ಫಲಕಗಳಿಂದಲೇ ನಡೀತಿತ್ತು."

ಅಜ್ಜಿ ಅವನ ಬಾಯಿಯನ್ನೇ ನೋಡುತ್ತ ಕೂತಳು.

"ನಾನೇ ಅವನಿಗೆ ಸ್ನಾನ ಮಾಡಿಸಿದ್ದು," ಎಂದಳು. ಆ ಊರಿನಲ್ಲಿ ಹೆಣಕ್ಕೆ ಮನೆಯವರು ನೀರು ಹಾಕುವುದಿಲ್ಲ, ನೆರೆಯ ಮುದುಕಿಯರು ಹಾಕುತ್ತಾರೆ. "ವಸಿಲಿನಾ ನನ್ನನ್ನೇ ಕರೆದ್ಲು. ಮುಖ ತೊಳೆದೆ, ತಲೆ ಬಾಚಿದೆ. ನನ್ನಿಂದ ಏನಾದ್ರೂ ತಪ್ಪಾಗಿದ್ರೆ ಕ್ಷಮಿಸಪ್ಪಾ ಅಂದೆ. ಎಲ್ಲರೂ ಅನ್ನೋ ಮಾತು. ಇವನಿಗೆ ನಾನೇನು ತಪ್ಪು ಮಾಡಿದೀನಿ ಅಂತ ಮನಸಲ್ಲೇ ಅಂದ್ಕೊಂಡು ಅಂದೆ ಕಣೋ."

ಹನ್ನೊಂದೂ ನಲವತ್ತಕ್ಕೆ ಬಂಧನವಾಯಿತು. ಬಕೆಟ್, ಕುಂಚ, ಹಾಲಿನ ಕ್ಯಾನ್ ಜಪ್ತಿಯಾದವು. ಕೈಕೋಳ ತೊಡಿಸಲಿಲ್ಲ. ಜೀಪು ನದಿ ದಾಟಿದ ಮೇಲೆ ಅಜ್ಜಿ ಮುಂದಿನ ಸೀಟು ತಟ್ಟಿದಳು.

"ವಸಿಲಿನಾ ಮನೆ ಹತ್ರ ನಿಲ್ಸು. ನಿನ್ನ ಬಾಯಿಂದ ಬೇಡ, ನಾನೇ ಹೇಳ್ತೀನಿ."

ನಿಯಮದಲ್ಲಿ ಅದಕ್ಕೆ ಅವಕಾಶವಿರಲಿಲ್ಲ. ಲುಕಿಯನ್ ನಿಲ್ಲಿಸಿದ. ವಸಿಲಿನಾ ಗೆಳತಿಯನ್ನು ಕಂಡು ಎರಡೂ ಕೈ ಚಾಚಿಕೊಂಡು ಮೆಟ್ಟಿಲಿಳಿದಳು. ಮೊತ್ರೋನಾ ಆ ಕೈಗಳಿಗೆ ಸಿಗದಷ್ಟು ದೂರದಲ್ಲಿ ನಿಂತು ಮಾತಾಡಿದಳು. ವಸಿಲಿನಾ ಪೂರ್ತಿ ಕೇಳಿಸಿಕೊಂಡಳು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮುಚ್ಚಿದ ಬಾಗಿಲಿಗೆ ಅಜ್ಜಿ ನೆಲ ಮುಟ್ಟುವಂತೆ ಬಾಗಿದಳು. ಝೊರ್ಯಾನಾ ಹೋಗಿ ತೋಳು ಹಿಡಿದು ಎಬ್ಬಿಸಬೇಕಾಯಿತು.

ಸಂಜೆ ನಾಲ್ಕಕ್ಕೆ ಲುಕಿಯನ್ ವರದಿ ಬರೆಯಲು ಕೂತ. ಭದ್ರತಾ ವಿಭಾಗದವರು ಓದಿ ಒಪ್ಪುತ್ತಾರೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಕೃತ್ಯದ ಉದ್ದೇಶ ಎಂಬಲ್ಲಿ ಹೀಗೆ ಬರೆದ: "ಆರೋಪಿಗೆ ಶತ್ರುವಿನ ಸಂಪರ್ಕವಿಲ್ಲ. ಈಕೆ ಅದೇ ಶತ್ರುವಿನ ದಾಳಿಯಲ್ಲಿ ಮಗಳನ್ನು ಕಳೆದುಕೊಂಡವಳು. ಈ ಊರಿನ ಆಸ್ಪತ್ರೆಯಲ್ಲಿರುವ ಮೊಮ್ಮಗಳು ಉಳಿಯಲಿ ಎಂದು ಮಾಡಿದ ಕೃತ್ಯ."

ಕೆಳಗೆ ಇನ್ನೊಂದು ಸಾಲು ಸೇರಿಸಿ ಸಹಿ ಹಾಕಿದ: "ಮೊಮ್ಮಗಳು ಕ್ಷೇಮವಾಗಿದ್ದಾಳೆ. ನೋಡಿಕೊಳ್ಳಲು ಬೇರೆ ಯಾರೂ ಇಲ್ಲ."