ಎತ್ತದ ಕೆಂಪು ಅರಿವೆ

ಮರದ ತುಂಡು ಸಾತವ್ವನ ಕಣ್ಣೆದುರೇ ತೇಲಿಹೋಯಿತು. ಅವಳು ಕೆಂಪು ಅರಿವೆ ಎತ್ತಲಿಲ್ಲ.

ಖಾನಾಪುರದ ಮಲಪ್ರಭೆಗೆ ಅಡ್ಡಲಾಗಿ ಎರಡು ಹಗ್ಗ ಕಟ್ಟಿದ್ದರು. ಮೇಲಿನ ಹಗ್ಗದ ಬಳಿ ಎಂಜಿನಿಯರ್ ಗುರುಪುತ್ರಪ್ಪ ತುಂಡನ್ನು ನೀರಿಗೆ ಬಿಟ್ಟು ಸ್ಟಾಪ್‌ವಾಚ್ ಒತ್ತುವನು. ಅದು ಕೆಳಗಿನ ಹಗ್ಗ ದಾಟಿದ ಕೂಡಲೇ ಸಾತವ್ವ ಅರಿವೆ ಎತ್ತಬೇಕು, ಅವನು ವಾಚು ನಿಲ್ಲಿಸಬೇಕು. ಹೊಳೆಯ ಓಟ ಅಳೆಯುವ ಈ ಕೆಲಸದಲ್ಲಿ ಮಳೆಗಾಲವಿಡೀ ಅವಳು ತಪ್ಪಿದವಳಲ್ಲ. ಬೇಗ ಶಾಲೆ ಬಿಟ್ಟವಳಿಗೆ ನೋಡುವುದೊಂದು ಚೆನ್ನಾಗಿ ಬರುತ್ತಿತ್ತು. ಮೊದಲು ನೀರನ್ನು, ಆಮೇಲೆ ಅವನನ್ನು.

ಗುರುಪುತ್ರಪ್ಪ ಓಡಿಬಂದ.

"ಯಾಕ ಸಾತವ್ವ, ನಿದ್ದಿ ಹತ್ತಿತ್ತೇನ? ವಾಚು ಇನ್ನೂ ಓಡಾಕತ್ತೈತಿ ನೋಡು!"

"ಓಡ್ಲಿ ಬಿಡ್ರಿ ಸಾಹೇಬ್ರ. ಇದ ಕಡೀ ಅಳತಿ ಅಲ್ಲೇನ್ರಿ? ಅದು ನಿಂತ್ರ ನೀವು ಹೊಂಟೀರಿ."

ನಗಲು ಹೊರಟವನು ಅವಳ ಕಣ್ಣು ನೋಡಿ ವಾಚಿನ ಮೇಲಿಂದ ಹೆಬ್ಬೆರಳು ತೆಗೆದ. ನಾಳೆ ಅವನು ಹಾಲೆಂಡಿಗೆ ಹೊರಡುವವನು. ಅಲ್ಲಿ ನಾನಾ ದೇಶದ ಎಂಜಿನಿಯರುಗಳು ಒಂದೇ ಕ್ಲಾಸಿನಲ್ಲಿ ಕೂತು ನೀರಿನ ವಿದ್ಯೆ ಕಲಿಯುತ್ತಾರಂತೆ. ಆ ದೇಶದ ನೆಲ ಸಮುದ್ರಕ್ಕಿಂತ ಕೆಳಗಿದೆ ಎಂದು ಅವನು ಹೇಳಿದಂದಿನಿಂದ ಅವಳಿಗೆ ರೊಟ್ಟಿ ಸೇರುತ್ತಿರಲಿಲ್ಲ.

"ಅಲ್ಲೆ ಅರಿವಿ ಎತ್ತಾಕ ಯಾರ್ರಿ?"

"ಮಷಿನ್ ಅದಾವಂತ."

"ಚಂದ ಅದಾವೇನ್ರಿ?"

"ನಿನ್ನಷ್ಟಿಲ್ಲ." ಅಂದವನೇ ಕಿವಿ ಕೆಂಪಾಗಿ, ವಾಚು ನೋಡುತ್ತ ನಿಂತ.

ಅವಳಿಗೆ ನಗು ಬರಲಿಲ್ಲ. "ಸೋಮಾರ ಹಲಸಿ ಊರಿಂದ ಗಂಡಿನವ್ರು ನನ್ನ ನೋಡಾಕ ಬರ್ತಾರ. ಅಪ್ಪ ಮಾತು ಕೊಟ್ಟಾನ."

"ನೀ ಏನಂದಿ?"

"ನನ್ನ ಯಾರ ಕೇಳ್ಯಾರ್ರೀ?"

"ನಾ ಕೇಳ್ತೀನಿ." ಅವನು ಅವಳತ್ತ ತಿರುಗಿದ. "ಒಂದ ವರ್ಷ ತಡೀತೀಯೇನ? ಬ್ಯಾರೆ ಜಾತಿ ಹುಡುಗಿ ಅಂತ ನಮ್ಮವ್ವ ಅಳಾಕತ್ತಾಳ. ಅಳ್ಲಿ. ನನಗ ನೀನ ಬೇಕು."

ಇಷ್ಟು ದಿನ ಕೇಳಬೇಕೆಂದು ಹಂಬಲಿಸಿದ ಮಾತು. ಆದರೆ ಅಪ್ಪನ ಮುಖ ನೆನಪಾಗಿ ಅವಳು ಅರಿವೆಯನ್ನು ಮುಷ್ಟಿಯಲ್ಲಿ ಹಿಂಡಿದಳು. 'ಹೂಂ' ಅನ್ನಲು ತುಟಿ ಬಿಚ್ಚುವಷ್ಟರಲ್ಲಿ, "ಸಾಹೇಬ್ರ, ಜೀಪು ಬಂತ್ರಿ!" ಎಂದು ಕೂಲಿಯ ಭರಮಪ್ಪ ದಂಡೆಯ ಮೇಲಿಂದ ಕೂಗಿದ. ಗುರುಪುತ್ರಪ್ಪ ಉತ್ತರವಿಲ್ಲದೆಯೇ ಹೋದ.

ಮರುದಿನ ಸ್ಟೇಷನ್ನಿನಲ್ಲಿ ಆಫೀಸಿನವರ ಹಾರ, ಗದ್ದಲ. ಸಾತವ್ವ ಹಿಂದೆ ಕಂಬಕ್ಕೆ ಆತು ನಿಂತಳು; ಒಂದು ಮಾತಿಗೂ ದಾರಿಯಿರಲಿಲ್ಲ. ಗಾಡಿ ಹೊರಟಿತು. ಎಲ್ಲರೂ ಕೈ ಬೀಸಿದರು.

"ಕೈ ಎತ್ತ ಹುಚ್ಚಿ, ಹೊಂಟ್ರಲ್ಲ!" ಜೊತೆಗೆ ಕೆಲಸ ಮಾಡುವ ಶಿವಲಿಂಗವ್ವ ತಿವಿದಳು. "ಕಲ್ಲಿನಂಗ ನಿಂತಾಳ ನೋಡು!"

ಸಾತವ್ವನ ಮುಷ್ಟಿಯಲ್ಲಿ ಕೆಂಪು ಅರಿವೆಯಿತ್ತು. ಕಣ್ಣೀರು ಹರಿಯುತ್ತಿದ್ದರೂ ಅವಳು ಆ ಕೈಯನ್ನು ತೊಡೆಗೆ ಒತ್ತಿ ಹಿಡಿದಳು.

ಗಾಡಿಯ ಬಾಗಿಲಲ್ಲಿ ನಿಂತ ಗುರುಪುತ್ರಪ್ಪನ ನೋಟ ಗುಂಪನ್ನೆಲ್ಲ ತಡಕಿ ಆ ಕೈಯ ಮೇಲೆ ಬಂದು ನಿಂತಿತು. ಅರೆಗಳಿಗೆ ಅವನ ಮುಖ ಬಾಡಿತು. ಮರುಕ್ಷಣ ಅರಳಿತು. ಬರಿಗೈಯನ್ನು ಮುಂದೆ ಚಾಚಿ, ವಾಚು ಶುರುಮಾಡುವವನಂತೆ ಹೆಬ್ಬೆರಳು ಒತ್ತಿದ.

"ಒಂದ ಸಲ ಎತ್ತಿದ್ರ ಏನಾಗತಿತ್ತ?" ಶಿವಲಿಂಗವ್ವ ಕೇಳಿದಳು.

"ಎತ್ತಿದ್ರ ವಾಚು ನಿಂತ ಬಿಡತೈತಬೇ," ಅಂದಳು ಸಾತವ್ವ.

ಗಾಡಿ ತಿರುವಿನಲ್ಲಿ ಮರೆಯಾಯಿತು. ಅವಳು ಅರಿವೆಯನ್ನು ನಡುವಿಗೆ ಸಿಕ್ಕಿಸಿಕೊಂಡು ಮನೆಯ ಕಡೆ ತಿರುಗಿದಳು. ಇನ್ನು ಅಪ್ಪನೆದುರು ಬಾಯಿ ಬಿಡಬೇಕಿತ್ತು.